ಎರಡು ನಿಮಿಷದ ದೆವ್ವಕ್ಕೆ ಎರಡು ತಿಂಗಳ ತಯಾರಿ

ಅಕ್ಕಲಕೋಟ: ಬಾಗಿಲು ತೆರೆಯಿತು. ಹುಡುಗನೊಬ್ಬ ಒಳಗೆ ಬಂದ, ಕೋಣೆ ದಾಟಿದ, ಹುಡುಗಿಯೊಬ್ಬಳ ಎದುರಿನ ಕುರ್ಚಿಯಲ್ಲಿ ಕುಳಿತ. ಎರಡು ಮಾತಾಡಿದ. ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿಲು ತೆರೆಯಿತು. ಅದೇ ಹುಡುಗ, ಅದೇ ಕುರ್ಚಿ, ಅದೇ ಎರಡು ಮಾತು! ಕಿಟಕಿಯಲ್ಲಿ ಇಣುಕಿದ ಕಾಲೇಜಿನ ಸಿಪಾಯಿ ಕಾಕಾಗೆ 'ಇದೇನು ದೆವ್ವ ಬಡದೈತೇನ್ ಇವರಿಗೆ' ಎನಿಸಿದ್ದರೆ ಅದರಲ್ಲಿ ತಪ್ಪಿಲ್ಲ.

ಹೌದು, ಇವರಿಗೆ ಬಡಿದಿರುವುದು ದೆವ್ವವೇ. ಆದರೆ ಅದು ಸಿನಿಮಾ ದೆವ್ವ. ತಾಲೂಕಿನ ಕಾಲೇಜೊಂದರ ನಾಲ್ವರು ವಿದ್ಯಾರ್ಥಿಗಳು ದೆವ್ವದ ಥ್ರಿಲ್ಲರ್ ಸಿನಿಮಾ ಮಾಡಲು ಹೊರಟಿದ್ದಾರೆ. ಇಡೀ ಸಿನಿಮಾ ಅಲ್ಲ, ಅದರ ಆರಂಭ ಮಾತ್ರ. ಟೈಟಲ್ ಸೇರಿ ಬರೀ ಎರಡು ನಿಮಿಷ. ಅದಕ್ಕೆ ಎರಡು ತಿಂಗಳಿಂದ ನಡೆದಿರುವ ತಯಾರಿ ಮಾತ್ರ ದೊಡ್ಡ ಸಿನಿಮಾದವರನ್ನೂ ಮೀರಿಸುವಂತಿದೆ.

ಪರದೇಶದ ಪಾಠ

ಈ ಪಾಠ ಮೊದಲು ಇಲ್ಲಿಯದಲ್ಲ. ಇಂಗ್ಲೆಂಡಿನ ಓಸಿಆರ್ ಎಂಬ ಪರೀಕ್ಷಾ ಮಂಡಳಿ 2008ರಲ್ಲಿ ಅಲ್ಲಿನ ಹದಿನಾರು-ಹದಿನೇಳು ವಯಸ್ಸಿನ ಮಾಧ್ಯಮ ವಿದ್ಯಾರ್ಥಿಗಳಿಗೆ ಇಂಥದ್ದೊಂದು ಕೆಲಸ ಕೊಟ್ಟಿತ್ತು. ಹೊಸ ಕಥಾಚಿತ್ರವೊಂದರ ಟೈಟಲ್ ಮತ್ತು ಆರಂಭವನ್ನು ಎರಡು ನಿಮಿಷ ಮೀರದಂತೆ ಮಾಡಬೇಕು. ಗುಂಪಿನಲ್ಲಿ ನಾಲ್ವರಿಗಿಂತ ಹೆಚ್ಚು ಜನ ಇರಬಾರದು. ಒಟ್ಟು 100 ಅಂಕ. ಅದರಲ್ಲಿ ಚಿತ್ರಕ್ಕೆ 60, ಕೊನೆಗೆ ತಮ್ಮ ಕೆಲಸವನ್ನು ತಾವೇ ಅಳೆದು ಬರೆಯುವುದಕ್ಕೆ 20. ಉಳಿದ 20 ಅಂಕ ಕೇವಲ ಸಂಶೋಧನೆ ಮತ್ತು ಯೋಜನೆಗೆ! ಅಂದರೆ ಕ್ಯಾಮೆರಾ ಮುಟ್ಟುವ ಮೊದಲೇ ನೂರಕ್ಕೆ ಇಪ್ಪತ್ತು ಅಂಕದ ಕೆಲಸ ಮುಗಿದಿರಬೇಕು.

ಬಾಗಿಲು ತೆಗೆದು ಬಂದು ಕುರ್ಚಿಯಲ್ಲಿ ಕೂರುವ ಕಸರತ್ತೂ ಆ ಪಠ್ಯದ್ದೇ. ನೋಡಲು ಸುಲಭ. ಆದರೆ ಹೊರಗಿನ ಶಾಟ್‌ನಲ್ಲಿ ಬಲಗೈಯಿಂದ ಬಾಗಿಲು ನೂಕಿದವನು ಒಳಗಿನ ಶಾಟ್‌ನಲ್ಲಿ ಎಡಗೈಯಲ್ಲಿ ನೂಕಿದರೆ ಆಟ ಕೆಟ್ಟಿತು. ಮಾತಾಡುವ ಇಬ್ಬರ ನಡುವೆ ಒಂದು ಗೆರೆ ಇದೆ ಎಂದುಕೊಂಡು ಕ್ಯಾಮೆರಾ ಅದರ ಒಂದೇ ಬದಿಗೆ ಇರಬೇಕು. ಗೆರೆ ದಾಟಿದರೆ ಎದುರುಬದುರು ಕೂತವರು ಒಂದೇ ದಿಕ್ಕು ನೋಡಿದಂತೆ ಕಾಣುತ್ತದೆ. ಇದಕ್ಕೆ 180 ಡಿಗ್ರಿ ನಿಯಮ ಎನ್ನುತ್ತಾರೆ. ಇದನ್ನು ಕಲಿಯಲು ಹುಡುಗರಿಗೆ ಮೂರು ದಿನ ಬೇಕಾಯಿತು.

ಇಂಗ್ಲೆಂಡಿನಲ್ಲಿ ಆ ಪಠ್ಯಕ್ರಮ ಈಗ ಬದಲಾಗಿದೆ. ಇಲ್ಲಿ ಅಂಕವೂ ಇಲ್ಲ, ಪರೀಕ್ಷೆಯೂ ಇಲ್ಲ. ಕಲಿಸುವ ಮಾಸ್ತರರು ಹಳೆಯ ನಿಯಮಗಳನ್ನು ಹಾಗೇ ಇಟ್ಟುಕೊಂಡು ಹುಡುಗರಿಗೆ ಒಂದು ದಪ್ಪ ಫೈಲು ಕೊಟ್ಟಿದ್ದಾರೆ. ನೋಡಿದ್ದು, ಕೇಳಿದ್ದು, ಬಿಟ್ಟದ್ದು ಎಲ್ಲವೂ ಅದರಲ್ಲಿರಬೇಕು. 'ಹರಿದು ಒಗೀಬ್ಯಾಡ್ರಿ, ಯಾಕ ಬಿಟ್ಟೀವಿ ಅಂತ ಬರೀರಿ' ಎಂಬುದು ಅವರ ಒಂದೇ ತಾಕೀತು.

ಕಾಣದ್ದೇ ಹೆಚ್ಚು ಅಂಜಿಕೆ

ಮೊದಲ ಕೆಲಸ ಸಿನಿಮಾ ನೋಡುವುದು. ಮಜಾಕ್ಕಲ್ಲ, ನೋಟ್‌ಬುಕ್ಕು ಹಿಡಿದು. ಎಷ್ಟನೇ ಸೆಕೆಂಡಿಗೆ ಯಾವ ಶಾಟ್, ಯಾವ ಸದ್ದು, ಯಾರ ಹೆಸರು ಎಂದು ಗೆರೆ ಹಾಕಿ ಬರೆದರು.

1975ರ 'ಜಾಸ್' ಆರಂಭದಲ್ಲಿ ರಾತ್ರಿ ಈಜಲು ಇಳಿದ ಯುವತಿಯನ್ನು ನೀರೊಳಗಿಂದ ಏನೋ ಎಳೆಯುತ್ತದೆ. ಶಾರ್ಕ್ ಮಾತ್ರ ಕಾಣುವುದೇ ಇಲ್ಲ. 1978ರ 'ಹ್ಯಾಲೋವೀನ್' ಕೊಲೆಗಾರನ ಕಣ್ಣಿನಿಂದಲೇ ಶುರುವಾಗುತ್ತದೆ. ಮುಖವಾಡ ತೆಗೆದಾಗ ಅಲ್ಲಿರುವುದು ಪುಟ್ಟ ಬಾಲಕ! 1995ರ 'ಸೆವೆನ್' ಚಿತ್ರಕ್ಕೆ ಕೈಲ್ ಕೂಪರ್ ಮಾಡಿದ ಟೈಟಲ್‌ಗಳಲ್ಲಿ ಮುಖವಿಲ್ಲ, ಬರೀ ಕೈಗಳು, ನೋಟ್‌ಬುಕ್ಕು, ಬ್ಲೇಡು. ಅಷ್ಟರಲ್ಲೇ ಮೈ ಜುಂ ಎನ್ನುತ್ತದೆ.

ನಮ್ಮ ಕಡೆಯ ಚಿತ್ರಗಳನ್ನೂ ಬಿಡಲಿಲ್ಲ. ಅನಂತನಾಗ್, ಲಕ್ಷ್ಮಿ ನಟಿಸಿದ 1979ರ 'ನಾ ನಿನ್ನ ಬಿಡಲಾರೆ' ಚಿತ್ರವನ್ನು ಮನೆಯ ಹಿರಿಯರೂ ಜೊತೆಗೆ ಕೂತು ನೋಡಿದರು. ಪವನ್ ಕುಮಾರ್ ಅವರ 2016ರ 'ಯು ಟರ್ನ್' ಹುಟ್ಟಿದ್ದು ಫ್ಲೈಓವರ್ ಮೇಲಿನ ಕಲ್ಲು ಸರಿಸಿ ಗಾಡಿ ತಿರುಗಿಸುವ ದಿನನಿತ್ಯದ ಉಡಾಫೆಯಿಂದ. ರಾಹಿ ಅನಿಲ್ ಬರ್ವೆ ಅವರ 2018ರ 'ತುಂಬಾಡ್' ತಂಡ ಮಳೆಯ ಬೆಳಕಿಗಾಗಿಯೇ ಹಲವು ಮಳೆಗಾಲ ಕಾದಿತ್ತು. ಅದೇ ವರ್ಷದ ಹಿಂದಿಯ 'ಸ್ತ್ರೀ'ಗೆ ಮೂಲ ಕರ್ನಾಟಕದಲ್ಲಿ ಬಾಗಿಲ ಮೇಲೆ ಬರೆಯುತ್ತಿದ್ದ 'ನಾಳೆ ಬಾ' ಎಂಬ ಎರಡೇ ಶಬ್ದ.

ಇಷ್ಟೆಲ್ಲ ನೋಡಿ ಫೈಲಿನಲ್ಲಿ ಬರೆದ ಸಾರಾಂಶ ಒಂದೇ ಸಾಲಿನದು: ದೆವ್ವ ತೋರಿಸಿದರೆ ಅಂಜಿಕೆ ಮುಗಿಯುತ್ತದೆ, ಬಾಗಿಲು ತೋರಿಸಿದರೆ ಶುರುವಾಗುತ್ತದೆ.

ವಾಡೆಯ ಕಥೆ

ಬಾಗಿಲು ಹುಡುಕುವುದು ಕಷ್ಟವಾಗಲಿಲ್ಲ. ಗುಂಪಿನ ಹುಡುಗಿಯೊಬ್ಬಳ ಊರಲ್ಲಿ ಬೀಗ ಬಿದ್ದ ಹಳೆಯ ವಾಡೆಯೊಂದಿದೆ. ಅಲ್ಲಿ ಒಬ್ಬಳೇ ಇದ್ದ ವಿಧವೆ ಬಾನಾಮತಿ ಮಾಡುತ್ತಿದ್ದಳು, ಈಗಲೂ ಅಮಾವಾಸ್ಯೆಗೆ ಬರುತ್ತಾಳೆ ಎಂಬುದು ಊರ ಮಾತು. ಕಥೆ ಸಿದ್ಧ! ಬಿಳಿ ಸೀರೆ, ಬಿಚ್ಚಿದ ಕೂದಲು, ಕೈಯಲ್ಲಿ ಕಂದೀಲು. ಚಿತ್ರ ಬಿಡಿಸುವ ಹುಡುಗ ಹದಿನೆಂಟು ಚೌಕದ ಸ್ಟೋರಿಬೋರ್ಡನ್ನು ಎರಡೇ ರಾತ್ರಿಯಲ್ಲಿ ಮುಗಿಸಿದ.

ನಿಯಮದ ಪ್ರಕಾರ ಪ್ರೇಕ್ಷಕರನ್ನು ಕೇಳಬೇಕು. ಗೆಳೆಯರನ್ನು ಕೇಳಿದ್ದಾಯಿತು. ಕೊನೆಗೆ ಹುಡುಗಿ ಆ ಹಾಳೆಗಳನ್ನು ತನ್ನ ಆಯಿಯ ಮುಂದೆ ಹರಡಿದಳು. (ಮರಾಠಿ ಗೆಳೆಯ ಆಯಿ ಅಂದರೆ ತಾಯಿ ಎಂದುಕೊಂಡು ಅಜ್ಜಿಯನ್ನು ನೋಡಿ ಕಕ್ಕಾಬಿಕ್ಕಿಯಾದದ್ದು ಬೇರೆ ಮಾತು.) ಮುದುಕಿ ಒಂದೊಂದೇ ಚೌಕ ನೋಡಿದರು. ನಗಲಿಲ್ಲ, ಅಂಜಲೂ ಇಲ್ಲ.

'ಆಕಿ ದೆವ್ವ ಅಲ್ಲವ್ವಾ. ನನ್ನ ಕೂಡ ಶೇಂಗಾ ಕೀಳಾಕ ಬರತಿದ್ಲು' ಎಂದರು.

ನಡೆದದ್ದು ಇಷ್ಟು. ಪಕ್ಕದವರ ಎಮ್ಮೆ ಹಾಲು ಬಿಟ್ಟಿತು. ಯಾರೋ ಇವಳ ಹೆಸರು ಹೇಳಿದರು. ಒಂದು ಕೂಸು ಜ್ವರ ಬಂದು ತೀರಿಕೊಂಡಿತು. ಅದೂ ಇವಳ ತಲೆಗೇ ಬಂತು. ಬಾವಿಗೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೋಗತೊಡಗಿದರು. ಕೂಲಿಗೆ ಕರೆಯುವುದು ನಿಂತಿತು. ಒಂದು ದಿನ ಆಕೆ ಗಂಟು ಕಟ್ಟಿಕೊಂಡು ಸೋಲಾಪುರದ ಬಸ್ಸು ಹತ್ತಿದಳು. ಬೀಗ ಹಾಕಿದ್ದು ಆಕೆಯಲ್ಲ, ಊರವರು.

'ಆಕಿ ಮೊಮ್ಮಕ್ಕಳು ಅದಾರ ಇನ್ನಾ. ನಿಮ್ಮ ಸಿನಿಮಾ ಅವರು ನೋಡಿದ್ರ ಏನ್ ಅಂತೀರಿ?' ಎಂಬ ಆಯಿಯ ಪ್ರಶ್ನೆಗೆ ನಾಲ್ವರ ಬಳಿಯೂ ಉತ್ತರವಿರಲಿಲ್ಲ. ಆ ಊರಿನ ಹೆಸರು ಎಲ್ಲೂ ಬರುವುದು ಬೇಡ ಎಂದು ವಿದ್ಯಾರ್ಥಿಗಳೇ ಈಗ ಕೇಳಿಕೊಳ್ಳುತ್ತಿದ್ದಾರೆ.

ಕಾನೂನೂ ಓದಿದರು

ಮರುದಿನ ಫೈಲಿಗೆ ಹೊಸ ಹಾಳೆಗಳು ಸೇರಿದವು. ಈ ಸಲ ಸಿನಿಮಾದ್ದಲ್ಲ, ಕಾಯ್ದೆಯದು. ಅಂಧಶ್ರದ್ಧೆಯ ವಿರುದ್ಧ ವರ್ಷಗಟ್ಟಲೆ ಹೋರಾಡಿದ ಡಾ. ನರೇಂದ್ರ ದಾಭೋಳಕರ ಅವರು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಗೆ ಬಲಿಯಾದರು. ಅವರು ಬೇಡಿದ್ದ ಕಾನೂನು ಕೆಲವೇ ದಿನದಲ್ಲಿ ಸುಗ್ರೀವಾಜ್ಞೆಯಾಗಿ ಬಂತು, ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ವಿಧಾನಮಂಡಲದ ಒಪ್ಪಿಗೆ ಪಡೆಯಿತು. ಒಬ್ಬರತ್ತ ಬೆರಳು ಮಾಡಿ ಮಾಟ ಮಾಡುತ್ತಾರೆ, ಮಂತ್ರದಿಂದ ದನದ ಹಾಲು ಕಡಿಮೆ ಮಾಡುತ್ತಾರೆ ಎಂದು ಆರೋಪಿಸುವುದು ಅದರಡಿ ಅಪರಾಧ. ಆರು ತಿಂಗಳಿಂದ ಏಳು ವರ್ಷದವರೆಗೆ ಜೈಲು, 5 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ. ಗಡಿಯಾಚೆ ಕರ್ನಾಟಕದಲ್ಲೂ ಇಂಥದ್ದೇ 2017ರ ಕಾಯ್ದೆ 2020ರಲ್ಲಿ ಜಾರಿಗೆ ಬಂದಿದೆ.

ಕಟ್ಟುಕಥೆಯ ದೆವ್ವ ಬೇರೆ, ಬಾಳಿ ಬದುಕಿದ ಹೆಂಗಸನ್ನು ದೆವ್ವ ಮಾಡುವುದು ಬೇರೆ. 'ಎಮ್ಮೆ ಹಾಲಿನ ಮಾತು ಕಾಯದೇದಾಗೂ ಐತಿ, ನಮ್ಮ ಊರಾಗೂ ಐತಿ' ಎಂದು ಹುಡುಗಿ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದಾಳೆ.

ಬೀಗದ ಕೈ ಯಾರ ಮನೆಯಲ್ಲಿದೆ?

ಹದಿನೆಂಟು ಚೌಕಗಳೂ 'ಬಿಟ್ಟದ್ದು' ಎಂಬ ವಿಭಾಗ ಸೇರಿದವು. ಹೊಸ ಕಥೆಯಲ್ಲಿ ಬಿಳಿ ಸೀರೆ ಇಲ್ಲ. ಹೆಂಗಸೇ ಇಲ್ಲ. ಬೇರೆ ಊರಿನ ಖಾಲಿ ಮನೆಯೊಂದನ್ನು ಮಾಲೀಕರ ಬರಹದ ಒಪ್ಪಿಗೆ ಪಡೆದು ಆರಿಸಿದ್ದಾರೆ.

ಸಂಜೆ ಹೊತ್ತು. ಹುಡುಗನೊಬ್ಬ ಚೆಂಡು ಹುಡುಕುತ್ತ ಮನೆಯ ಮುಂದೆ ಬರುತ್ತಾನೆ. ಒಳಗಿನಿಂದ ಯಾರೋ ಬಾಗಿಲು ಬಡಿಯುತ್ತಾರೆ. ನೋಡಿದರೆ ಹೊರಗೆ ತುಕ್ಕು ಹಿಡಿದ ಬೀಗ. ಓಡಿ ಮನೆಗೆ ಹೋಗುತ್ತಾನೆ. ಗೂಟಕ್ಕೆ ಅಪ್ಪನ ಕೀಲಿಗೊಂಚಲು ತೂಗುತ್ತಿದೆ. ಅದರಲ್ಲೊಂದು ತುಕ್ಕು ಹಿಡಿದ ಕೀಲಿ. ಮತ್ತೆ ಅದೇ ಬಡಿತ. ಈ ಸಲ ಅವನದೇ ಮನೆಯ ಬಾಗಿಲಿಗೆ. ಆಮೇಲೆ ಸಿನಿಮಾದ ಹೆಸರು. ಅಲ್ಲಿಗೆ ಎರಡು ನಿಮಿಷ ಮುಗಿಯಿತು.

ಇದನ್ನು ತೆಗೆಯುವುದು ಮೊಬೈಲಿನಲ್ಲಿ. ಕತ್ತಲಲ್ಲಿ ಮೊಬೈಲ್ ಚಿತ್ರ ಕಾಳುಕಾಳಾಗುತ್ತದೆ. ಅದಕ್ಕೆ ಸೂರ್ಯ ಮುಳುಗಿದ ಮೇಲೆ ಸಿಗುವ ನೀಲಿ ಬೆಳಕಿನಲ್ಲೇ ಹೊರಗಿನ ಶಾಟ್‌ಗಳು. ಆ ಬೆಳಕು ಇರುವುದು ಅರ್ಧ ತಾಸೂ ಇಲ್ಲ. ಹಾಗಾಗಿ ಕೆಲಸವನ್ನು ಮೂರು ಸಂಜೆಗೆ ಹಂಚಿದ್ದಾರೆ. ಮೂರೂ ದಿನ ಹುಡುಗನ ಅಂಗಿ, ತಲೆಗೂದಲು, ಅಂಗಿಯ ಮೇಲಿನ ಧೂಳು ಸಹ ಒಂದೇ ತರಹ ಇರಬೇಕೆಂದು ದಿನವೂ ಫೋಟೊ ತೆಗೆದಿಡುವ ಕೆಲಸ ಒಬ್ಬಳದು. ಮದುವೆ ಫೋಟೊ ತೆಗೆಯುವವರಿಂದ ಟ್ರೈಪಾಡು ಎರವಲು ಬಂದಿದೆ.

ಸದ್ದಿಗೆ ಪರರ ಸಂಗೀತ ಕದಿಯುವಂತಿಲ್ಲ. ಇಂಗ್ಲೆಂಡಿನ ನಿಯಮದಂತೆ ಎಲ್ಲವೂ ಸ್ವಂತದ್ದು, ಇಲ್ಲವೇ ಹಕ್ಕುಗಳಿಲ್ಲದ್ದು ಆಗಿರಬೇಕು. ಒಬ್ಬನ ತಂದೆ ಸೋಲಾಪುರದಲ್ಲಿ ಪವರ್‌ಲೂಮ್ ಕಾರ್ಮಿಕರು. ಮಗ್ಗದ ಸದ್ದನ್ನು ಗೋಡೆಯ ಈಚೆಯಿಂದ ರೆಕಾರ್ಡ್ ಮಾಡಿ ನಿಧಾನ ಮಾಡಿದರೆ ಥೇಟ್ ಎದೆಬಡಿತ! ಒಣ ಕಣಿಕಿ ತುಳಿದ ಸದ್ದು ಯಾರೋ ಹಿಂದೆ ಬರುತ್ತಿರುವಂತೆ ಕೇಳುತ್ತದೆ.

ಉಳಿದದ್ದು ಭಾಷೆಯ ಪ್ರಶ್ನೆ. ನಾಲ್ವರಲ್ಲಿ ಮೂವರು ಹತ್ತನೇ ಇಯತ್ತೆವರೆಗೆ ಕನ್ನಡ ಮಾಧ್ಯಮದವರು, ಒಬ್ಬ ಮರಾಠಿ. ಚಿತ್ರ ಯಾವ ಭಾಷೆಯಲ್ಲಿ ಎಂದು ವಾರಗಟ್ಟಲೆ ವಾದ ನಡೆದಿತ್ತು. ಕೊನೆಗೆ ಮಾತೇ ಬೇಡ ಎಂದಾಯಿತು. ಹೆಸರುಗಳು ಮಾತ್ರ ಎರಡೂ ಭಾಷೆಯಲ್ಲಿ ಬರುತ್ತವೆ. ಬಾಗಿಲು ಬಡಿದರೆ ಎಲ್ಲರಿಗೂ ತಿಳಿಯುತ್ತದಲ್ಲ!

ಹೊಸ ಸ್ಟೋರಿಬೋರ್ಡನ್ನೂ ಆಯಿಗೆ ತೋರಿಸಿದ್ದಾರೆ. ಕೊನೆಯ ಚೌಕ ನೋಡಿ ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಟ್ಟದ ಮೇಲಿನ ಹಳೆಯ ಕಂದೀಲು ಇಳಿಸಿ ಒರೆಸಿ ಕೊಟ್ಟರಂತೆ. ಹೊಸ ಕಥೆಯಲ್ಲಿ ಕಂದೀಲಿಗೆ ಜಾಗವಿಲ್ಲ. ಆದರೂ ಹುಡುಗನ ಮನೆಯ ಗೂಟದ ಪಕ್ಕ, ಕೀಲಿಗೊಂಚಲ ಮೇಲೆ ಬೆಳಕು ಬೀಳುವಂತೆ ಅದನ್ನು ತೂಗುಹಾಕುವುದೆಂದು ನಿರ್ಧಾರವಾಗಿದೆ.