ಮರುದಮಲೆ ದಾರಿಯ ಹೊಲಗಳು

ಕೋಯಮತ್ತೂರಿನ ಗಾಂಧಿಪುರದ ಬಸ್ಸುಗಳ ಗದ್ದಲ ಬಿಟ್ಟು ಪಡುವಣಕ್ಕೆ, ಮರುದಮಲೆಯ ದಾರಿ ಹಿಡಿದರೆ ಲಾಲಿ ರೋಡ್ ದಾಟುವ ಹೊತ್ತಿಗೆ ಊರಿನ ಬಿಸಿ ಇಳಿಯುತ್ತದೆ. ಹಳೆಯ ಮರಗಳ ನೆರಳು, ಅದರಾಚೆ ಕಮಾನು ಸಾಲಿನ ಕೆಂಪು ಕಟ್ಟಡ, ಕಟ್ಟಡದ ಬೆನ್ನಿಗೆ ಭತ್ತದ ಗದ್ದೆ, ಜೋಳದ ಹೊಲ, ಹತ್ತಿಯ ತಾಕು. ಅದಕ್ಕೂ ಹಿಂದೆ ಪಶ್ಚಿಮಘಟ್ಟದ ನೀಲಿ ಗೋಡೆ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ಜೋಳದ ಗರಿಗಳನ್ನು ಒಂದೇ ಕಡೆಗೆ ಬಾಗಿಸುತ್ತದೆ. ಬೆಳಗಿನ ಹೊತ್ತು ಹುಡುಗರು, ಹುಡುಗಿಯರು ಸೈಕಲ್ಲಿನಲ್ಲಿ ಹೊಲಕ್ಕೆ ಬರುತ್ತಾರೆ. ಬಿತ್ತುವುದು, ಕಳೆ ತೆಗೆಯುವುದು, ನೀರು ಕಟ್ಟುವುದು, ಕೊಯ್ದು ತೂಗಿ ಬರೆದಿಡುವುದು ಎಲ್ಲವೂ ಅವರ ಪಾಠವೇ. ಇದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯ.

ಇದರ ಬೇರು ಇರುವುದು ಮದರಾಸಿನ ಸೈದಾಪೇಟೆಯಲ್ಲಿ. 1868ರಲ್ಲಿ ಅಲ್ಲಿ ಶುರುವಾದ ಬೇಸಾಯದ ಶಾಲೆ 1906ರಲ್ಲಿ ಕೋಯಮತ್ತೂರಿಗೆ ಬಂತು, 1920ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತು, 1971ರ ಜೂನ್ 1ರಂದು ತಾನೇ ವಿಶ್ವವಿದ್ಯಾಲಯವಾಯಿತು. ಬಂಗಾಳದ 1943ರ ಬರಗಾಲ ಕಂಡು ಕಳವಳಗೊಂಡ ಎಂ.ಎಸ್. ಸ್ವಾಮಿನಾಥನ್, ಬೇಸಾಯವನ್ನೇ ಓದಬೇಕೆಂದು ನಿಶ್ಚಯಿಸಿ ಸೇರಿದ್ದು ಇದೇ ಕಾಲೇಜಿಗೆ.

ಈ ನೆಲ ಕನ್ನಡಿಗರಿಗೂ ಹೊರಗಿನದಲ್ಲ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೋಯಮತ್ತೂರು ಜಿಲ್ಲೆಯಲ್ಲೇ ಇತ್ತು. ದಕ್ಷಿಣ ಕನ್ನಡವೂ ಆಗ ಮದರಾಸು ಪ್ರಾಂತ್ಯದ್ದೇ. ಹೆಬ್ಬಾಳದಲ್ಲಿ ಕೃಷಿ ಕಾಲೇಜು ತೆರೆದದ್ದು 1946ರಲ್ಲಿ, ಧಾರವಾಡದಲ್ಲಿ 1947ರಲ್ಲಿ. ಅದಕ್ಕೂ ಮೊದಲು ಮದರಾಸು ಪ್ರಾಂತ್ಯದ ಕನ್ನಡ ಸೀಮೆಯವರಿಗೆ ಕೃಷಿ ಪದವಿಯ ದಾರಿ ಕೋಯಮತ್ತೂರಿನದು. ಇಂದಿಗೂ ಈ ಊರಿನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಕೇಳಿಸುತ್ತದೆ.

ಇಲ್ಲಿ ನೋಡಲೇಬೇಕಾದ್ದು ಕಟ್ಟಡವಲ್ಲ, ಒಂದು ಹೊಲ. ಅದಕ್ಕೆ ಶಾಶ್ವತ ಗೊಬ್ಬರ ಪ್ರಯೋಗದ ತಾಕು ಎಂದು ಹೆಸರು. 1909ರಲ್ಲಿ ಗುರುತು ಹಾಕಿದ್ದು. ಬದುಗಳ ನಡುವೆ ಸಾಲಾಗಿ ತುಂಡುಗಳು. ಒಂದಕ್ಕೆ ಬರೀ ಸಾರಜನಕ, ಒಂದಕ್ಕೆ ಸಾರಜನಕದ ಜೊತೆ ರಂಜಕ, ಇನ್ನೊಂದಕ್ಕೆ ಪೊಟ್ಯಾಷ್ ಸೇರಿ ಮೂರೂ, ಮತ್ತೊಂದಕ್ಕೆ ಕೊಟ್ಟಿಗೆ ಗೊಬ್ಬರ. ಒಂದು ತುಂಡಿಗೆ ಏನೂ ಇಲ್ಲ. ಆ ಬರಿಗೈ ತುಂಡಿನಲ್ಲಿ ಪೈರು ಗಿಡ್ಡ, ಎಲೆ ಬಿಳಿಚು, ತೆನೆ ಸಣ್ಣದು. ಒಂದು ಬದು ದಾಟಿದರೆ, ಎಲ್ಲ ಗೊಬ್ಬರ ಉಂಡ ಪೈರು ಕಡುಹಸಿರಾಗಿ ನಿಂತಿರುತ್ತದೆ. ಬಿಸಿಲು ಒಂದೇ, ಮಳೆ ಒಂದೇ, ಬೀಜವೂ ಒಂದೇ. ಪುಸ್ತಕದ ಹತ್ತು ಪುಟ ಹೇಳುವುದನ್ನು ಒಂದು ಬದು ಹೇಳಿಬಿಡುತ್ತದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ನಡೆದುಬಂದ ಗೋಧಿ ಹೊಲದ ಪ್ರಯೋಗದ ದಾರಿ ಇದು. ಪ್ರಯೋಗ ಶುರು ಮಾಡಿದವರು ಹೋದರು, ದೊರೆತನ ಹೋಯಿತು, ಸರ್ಕಾರಗಳು ಬದಲಾದವು. ಹೊಲದ ಲೆಕ್ಕ ಮಾತ್ರ ಕೈಯಿಂದ ಕೈಗೆ ದಾಟಿ ಬಂದಿದೆ. ನೂರು ವರ್ಷ ಉತ್ತು ಬಿತ್ತಿದ ಮಣ್ಣು ಏನಾಗುತ್ತದೆ ಎಂಬ ಪ್ರಶ್ನೆಗೆ ನೂರು ವರ್ಷ ಕಾದೇ ಉತ್ತರ ಪಡೆಯಬೇಕು. ಮುಂದಿನ ತಿಂಗಳ ಲಾಭ ನೋಡುವ ಯಾವ ಕಂಪನಿಯೂ ಅಷ್ಟು ಕಾಯಲಾರದು.

ಕಾಯುವಿಕೆಯ ಫಲ ನಮ್ಮ ಹೊಲಗಳಲ್ಲೂ ಇದೆ. ಕಬ್ಬು ಕೋಯಮತ್ತೂರಿನ ಹವೆಯಲ್ಲಿ ಚೆನ್ನಾಗಿ ಹೂಬಿಟ್ಟು ಬೀಜ ಕಟ್ಟುತ್ತದೆ. ಹಾಗಾಗಿಯೇ 1912ರಲ್ಲಿ ಇಲ್ಲಿ ಕಬ್ಬಿನ ತಳಿ ಕೇಂದ್ರ ಬಂತು. ಈಗ ಅದು ಕೇಂದ್ರ ಸರ್ಕಾರದ ಪ್ರತ್ಯೇಕ ಸಂಸ್ಥೆ. ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ರಸದ ಕಬ್ಬಿಗೆ ಒರಟು ಕಾಡುಕಬ್ಬನ್ನು ಕೂಡಿಸಿ ಪಡೆದ ಸಿಓ 205 ತಳಿ 1918ರಲ್ಲಿ ಉತ್ತರದ ಬಯಲಿಗೆ ಹೋಯಿತು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1930ರ ದಶಕದಲ್ಲಿ ಕೆಲಸ ಮಾಡಿದ್ದು ಇಲ್ಲೇ. ಮಂಡ್ಯದಿಂದ ಬೆಳಗಾವಿಯವರೆಗೆ ರೈತರು ನಂಬರಿನಿಂದಲೇ ಕರೆಯುವ 62175, 86032 ಕಬ್ಬುಗಳ ತವರು ಕೋಯಮತ್ತೂರು. ಹಸು ಸಾಕುವ ಮನೆಗಳ ಹಿತ್ತಿಲಿನ ಸಿಓ 4 ನೇಪಿಯರ್ ಹುಲ್ಲು, ಮತ್ತೆ ಮತ್ತೆ ಕೊಯ್ಯಬಹುದಾದ ಸಿಓಎಫ್‌ಎಸ್ 29 ಮೇವಿನ ಜೋಳ ವಿಶ್ವವಿದ್ಯಾಲಯದವು. ನೇಪಿಯರ್ ಹುಲ್ಲಿನ ಎರಡು ಗೆಣ್ಣಿನ ತುಂಡು ನೆಟ್ಟರೆ ಸಾಕು. ಪಕ್ಕದ ಮನೆಯವರು ಒಂದು ಹೊರೆ ಕಡ್ಡಿ ಕೇಳಿ ಒಯ್ಯುತ್ತಾರೆ, ಅವರಿಂದ ಮುಂದಿನ ಊರಿಗೆ ಹೋಗುತ್ತದೆ. ಹಂಚಿದಷ್ಟೂ ಬೆಳೆಯುವ ಸೊತ್ತು ಅದು.

ಕಷ್ಟ ಬಂದಾಗ ಇಂಥ ಸಂಸ್ಥೆಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. 2008ರಲ್ಲಿ ಕೋಯಮತ್ತೂರಿನ ಪಪ್ಪಾಯಿ ಗಿಡಗಳ ಮೇಲೆ ಹತ್ತಿ ಅಂಟಿಸಿದಂತೆ ಬಿಳಿ ಮುಸುಕು ಕಾಣಿಸಿತು. ಮೆಕ್ಸಿಕೋ ಕಡೆಯ ಹಿಟ್ಟು ತಿಗಣೆ. ಇಲ್ಲಿ ಅದನ್ನು ಹತೋಟಿಯಲ್ಲಿಡಬಲ್ಲ ಶತ್ರು ಇರಲಿಲ್ಲ. ಪಪ್ಪಾಯಿಯಿಂದ ಹಿಪ್ಪುನೇರಳೆಗೆ, ಮರಗೆಣಸಿಗೆ ಹಬ್ಬಿ ತಿರುಪ್ಪೂರು, ಈರೋಡು ಸೀಮೆಯ ತೋಟಗಳನ್ನು ಬೋಳಾಗಿಸಿತು. ಉಡುಮಲೈ ಕಡೆಯ ರೇಷ್ಮೆ ಬೆಳೆಗಾರರು ಹುಳುವಿಗೆ ಸೊಪ್ಪಿಲ್ಲದೆ ಕಂಗಾಲಾದರು. ಔಷಧಿ ಹೊಡೆದಷ್ಟೂ ಖರ್ಚು ಏರಿತು, ಮೇಣದ ಹೊದಿಕೆಯ ಒಳಗೆ ತಿಗಣೆ ಕ್ಷೇಮವಾಗಿತ್ತು.

ಪರಿಹಾರ ಬಂದದ್ದು ಬೆಂಗಳೂರಿನ ಮೂಲಕ. 2010ರಲ್ಲಿ ಬೆಂಗಳೂರಿನ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ ಪೋರ್ಟೊರಿಕೋದಿಂದ ಪರಾವಲಂಬಿ ಕಣಜಗಳನ್ನು ತರಿಸಿತು. ಅವುಗಳಲ್ಲಿ ಗೆದ್ದದ್ದು ಸಾಸಿವೆ ಕಾಳಿಗಿಂತ ಸಣ್ಣದಾದ ಅಸಿರೋಫಾಗಸ್ ಪಪಾಯೇ. ಈ ಕಣಜ ಬೇಕೆಂದರೆ ಮೊಳಕೆ ಬಂದ ಆಲೂಗಡ್ಡೆಯ ಮೇಲೆ ಮೊದಲು ತಿಗಣೆ ಬೆಳೆಸಬೇಕು, ಆ ತಿಗಣೆಯ ಮೈಯೊಳಗೆ ಕಣಜ ಮೊಟ್ಟೆ ಇಡಬೇಕು, ಕಣಜದ ಮರಿ ಆ ತಿಗಣೆಯನ್ನು ಒಳಗಿಂದ ತಿಂದು ಬೆಳೆದು ಹೊರಬರಬೇಕು. ವಿಶ್ವವಿದ್ಯಾಲಯವು ತನ್ನ ಕೇಂದ್ರಗಳಲ್ಲಿ ಹೀಗೆ ಕಣಜ ಬೆಳೆಸಿ ಜಿಲ್ಲೆಗಳಿಗೆ ಹಂಚಿತು. ಕೆಲವೇ ತಿಂಗಳಲ್ಲಿ ತಿಗಣೆ ಹತೋಟಿಗೆ ಬಂತು, ಹಿಪ್ಪುನೇರಳೆ ಮತ್ತೆ ಚಿಗುರಿತು. ಒಮ್ಮೆ ಬಿಟ್ಟರೆ ತಾನೇ ಹೆಚ್ಚುವ ಕಣಜವನ್ನು ವರ್ಷವರ್ಷವೂ ಮಾರಿ ದುಡ್ಡು ಮಾಡಲಾಗದು. ಸಾರ್ವಜನಿಕ ಸಂಸ್ಥೆಗಳು ಇಲ್ಲದಿದ್ದರೆ ಈ ಕೆಲಸ ಯಾರು ಮಾಡುತ್ತಿದ್ದರು?

ಪೊಳ್ಳಾಚಿ, ಉಡುಮಲೈ ಸೀಮೆಯ ತೆಂಗಿನ ತೋಟಗಳಿಗೆ ವಿಶ್ವವಿದ್ಯಾಲಯ ಇನ್ನೊಂದು ರೂಪದಲ್ಲಿ ಪರಿಚಿತ. ಅದು ತಯಾರಿಸುವ ತೆಂಗಿನ ಟಾನಿಕ್ ಬಳಸುವ ಕ್ರಮ ನೋಡಬೇಕು. ಬುಡದಿಂದ ಸ್ವಲ್ಪ ದೂರ ಮಣ್ಣು ಬಿಡಿಸಿ ಪೆನ್ಸಿಲ್ ದಪ್ಪದ ಜೀವಂತ ಬೇರೊಂದನ್ನು ಹುಡುಕುತ್ತಾರೆ. ತುದಿಯನ್ನು ಓರೆಯಾಗಿ ಕತ್ತರಿಸಿ, 40 ಮಿಲಿ ಟಾನಿಕ್‌ಗೆ 160 ಮಿಲಿ ನೀರು ಬೆರೆಸಿದ ಪ್ಲಾಸ್ಟಿಕ್ ಚೀಲದೊಳಗೆ ಬೇರನ್ನು ಇಳಿಬಿಟ್ಟು ಬಾಯಿ ಕಟ್ಟುತ್ತಾರೆ. ಬೇರು ಅದನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ವರ್ಷಕ್ಕೆ ಎರಡು ಸಲ ಹೀಗೆ. ಪ್ರಯೋಗಾಲಯದ ವಿದ್ಯೆ ರೈತನ ಕೈಗೆ ಸೇರುವುದು ಇಂಥ ಸಣ್ಣ ಕೆಲಸಗಳಿಂದ.

ಪದವಿ ಕೊಡುವ ವಿಶ್ವವಿದ್ಯಾಲಯಗಳು ಬಹಳ ಇವೆ. ಹೊಲದ ಲೆಕ್ಕವನ್ನು ನೂರು ವರ್ಷ ಬಿಡದೆ ಬರೆದು, ಬಂದ ಫಲವನ್ನು ಕೇಳಿದವರಿಗೆಲ್ಲ ಕೊಡುವವು ಕೆಲವೇ. ಆ ಕೆಲಸ ನಿಂತಿರುವುದು ಜನರ ತೆರಿಗೆ ಹಣದ ಮೇಲೆ, ಖಾಲಿ ಬೀಳದ ಹುದ್ದೆಗಳ ಮೇಲೆ, ಒತ್ತುವರಿಯಾಗದ ಜಮೀನಿನ ಮೇಲೆ. ನಮ್ಮಲ್ಲೂ ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗಗಳಲ್ಲಿ ಕೃಷಿ ವಿಶ್ವವಿದ್ಯಾಲಯಗಳಿವೆ. ಕೃಷಿ ಮೇಳದ ದಿನ ಮಾತ್ರವಲ್ಲ, ಯಾವುದಾದರೂ ಸಾಮಾನ್ಯ ದಿನ ಮಕ್ಕಳನ್ನು ಕರೆದುಕೊಂಡು ಅಲ್ಲಿಯ ಹೊಲಗಳನ್ನು ನೋಡಿ ಬನ್ನಿ. ಊರು ಬೆಳೆದು ಆ ಹೊಲಗಳ ಮೇಲೆ ಕಣ್ಣು ಬಿದ್ದ ದಿನ, ಅವು ನಮ್ಮವೆಂದು ನಿಂತು ಹೇಳಿ.