ಕುಡುಕ ಚಾಂಪಿಯನ್ನನ ಲೆಕ್ಕ

ಕುಡಿದರೆ ಬುದ್ಧಿ ಚುರುಕಾಗುತ್ತದೆ ಎಂದು ವಾದಿಸುವವರಿಗೆ ಅಮೆರಿಕದ ಬಿಲ್ ಸ್ಮಿತ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಇಸ್ಪೀಟಿನ ಪೋಕರ್ ಆಟವೇ ಆತನ ವೃತ್ತಿ. ಕುಡಿತಕ್ಕೂ ಅಷ್ಟೇ ಹೆಸರುವಾಸಿ. 1985ರಲ್ಲಿ ಲಾಸ್ ವೇಗಾಸ್‌ನಲ್ಲಿ 140 ಮಂದಿ ತಲಾ 10,000 ಡಾಲರ್ ಕಟ್ಟಿ ಆಡಿದ ವಿಶ್ವ ಸ್ಪರ್ಧೆಯಲ್ಲಿ ಗೆದ್ದು 7 ಲಕ್ಷ ಡಾಲರ್ ಪಡೆದ.

ಕೊನೆಯ ಆಟದಲ್ಲಿ ಸ್ಮಿತ್ ಕೈಯಲ್ಲಿದ್ದುದು ಮೂರರ ಜೋಡಿ, ಎದುರಾಳಿ ಟಿ.ಜೆ. ಕ್ಲೂಟಿಯರ್ ಬಳಿ ಒಂದು ಎಕ್ಕ, ಒಂದು ಮೂರು. ಮೇಜಿನ ಮೇಲೆ ಐದು ಎಲೆ ಬೀಳುವ ಮೊದಲೇ ಜೋಡಿ ಗೆಲ್ಲುವ ಸಂಭವ 100ಕ್ಕೆ ಸುಮಾರು 70. (ಸಂಭವನೀಯತೆ ಕಲಿತ ಮಕ್ಕಳು ಲೆಕ್ಕ ಹಾಕಿ ನೋಡಿ. ದುಡ್ಡು ಕಟ್ಟುವುದು ಬೇಡ!) ಎಲೆ ಹಿಡಿದವನು ಕುಡಿದಿದ್ದಾನೋ ಇಲ್ಲವೋ, ಈ ಲೆಕ್ಕ ಬದಲಾಗದು.

ಹಾಗಾದರೆ ಕುಡಿತ ಮಾಡಿದ್ದೇನು? ಸೋತ ಕ್ಲೂಟಿಯರನೇ ಹೇಳಿದಂತೆ, ಕುಡಿಯದಿದ್ದಾಗ ಸ್ಮಿತ್ ಅತಿ ಎಚ್ಚರಿಕೆಯ ಆಟಗಾರ, ಅರೆ ಅಮಲಿನಲ್ಲಿ ಅಪ್ರತಿಮ, ಪೂರ್ತಿ ಅಮಲೇರಿದರೆ ತೀರಾ ಕೆಟ್ಟವ. ಮದ್ಯವು ಮೆದುಳಿನ ಮುಂಭಾಗವನ್ನು ಬೇಗನೆ ಮಂಕಾಗಿಸುತ್ತದೆ. ಆಗ ಹಿಂಜರಿಕೆ ಕರಗುತ್ತದೆ. ಅಂಜುವ ಆಟಗಾರನಿಗೆ ಅದು ತುಸು ಹೊತ್ತು ಲಾಭವೆನಿಸಬಹುದು. ಆದರೆ ‘ಇನ್ನು ಸಾಕು’ ಎಂದು ಎಚ್ಚರಿಸಬೇಕಾದದ್ದೂ ಅದೇ ಭಾಗವಲ್ಲವೇ?

ವಿಶ್ವ ಚಾಂಪಿಯನ್ ಪಟ್ಟ ಸ್ಮಿತ್‌ಗೆ ಮತ್ತೆ ಒಲಿಯಲಿಲ್ಲ. 1996ರಲ್ಲಿ ತೀರಿಕೊಂಡ.