ಕೂಸಿನ ಕೌದಿಯ ಒಳಪದರ

ಉತ್ತರ ಕರ್ನಾಟಕದ ಮನೆಗಳಲ್ಲಿ ದಪ್ಪ ಹೊದಿಕೆ ಎರಡು ಬಗೆಯಲ್ಲಿ ರೂಪುಗೊಂಡಿತು: ಅರಳೆ, ಅಂದರೆ ಬೀಜ ಬಿಡಿಸಿದ ಹತ್ತಿ, ತುಂಬಿದ ರಜಾಯಿ ಒಂದಾದರೆ, ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಕೌದಿ ಇನ್ನೊಂದು. ಪಿಂಜಾರರು ಬಿಲ್ಲು ಮಿಡಿದು ಹಿಂಜಿದ ಅರಳೆ ಹಗುರವಾಗಿ ಉಬ್ಬುತ್ತದೆ. ಎಳೆಗಳ ನಡುವೆ ಅಲುಗದೆ ನಿಂತ ಗಾಳಿಯೇ ಮೈಯ ಶಾಖವನ್ನು ಹೊರಹೋಗದಂತೆ ತಡೆಯುವುದರಿಂದ, ಬರೀ ಬೆಚ್ಚನೆಯ ಲೆಕ್ಕದಲ್ಲಿ ಅರಳೆಯೇ ಮೇಲು.

ಆದರೂ ಕೂಸಿನ ಪಾಲಿಗೆ ಕೌದಿಯೇ ಒದಗಿಬಂದದ್ದಕ್ಕೆ ಒಗೆತವೇ ಮುಖ್ಯ ಕಾರಣವೆಂದು ತೋರುತ್ತದೆ. ಕೂಸಿನ ಬಟ್ಟೆ ದಿನವೂ ನೆನೆಯುತ್ತದೆ, ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ, ನೆನೆದ ಅರಳೆಯೋ ಗಂಟುಗಟ್ಟಿ ಒಂದು ಮೂಲೆಗೆ ಸರಿದು ಮಳೆಗಾಲದಲ್ಲಿ ದಿನಗಟ್ಟಲೆ ಒಣಗುವುದಿಲ್ಲ. ನೇಯ್ದ ಬಟ್ಟೆಯ ಪದರಗಳು ಹಾಗೆ ಗಂಟಾಗುವುದಿಲ್ಲ. ಒತ್ತೊತ್ತಾಗಿ ಸಾಗುವ ಸಾಲುಹೊಲಿಗೆ ಅವನ್ನು ಹಿಡಿದಿಡುತ್ತದೆ, ಪದರ ಪದರಗಳ ನಡುವೆ ತೆಳುಗಾಳಿಯೂ ಉಳಿಯುತ್ತದೆ.

ಒಳಗೆ ಹಾಕುವ ಬಟ್ಟೆ ಹಳೆಯದಾಗಿರಬೇಕೆಂಬ ರೂಢಿಯ ಹಿಂದೆ ಬಡತನವಷ್ಟೇ ಅಲ್ಲದೆ ನಿಜವಾದ ಕುಶಲತೆಯೂ ಇದೆ. ಹಲವು ಬಾರಿ ಒಗೆದ ನೂಲಿನ ಸೀರೆಯ ಗಂಜಿ ಪೂರ್ತಿ ಹೋಗಿ ನೂಲು ಮೆತ್ತಗಾಗಿರುತ್ತದೆ ಮತ್ತು ಕುಗ್ಗಬೇಕಾದಷ್ಟು ಕುಗ್ಗಿ ಆಗಿರುತ್ತದೆ. ಅದರ ಜೊತೆ ಹೊಸ ಬಟ್ಟೆಯನ್ನು ಒಗೆಯದೆ ಸೇರಿಸಿದರೆ ಮೊದಲ ಒಗೆತಕ್ಕೇ ಹೊಸದು ಮಾತ್ರ ಕುಗ್ಗಿ ಕೌದಿ ಸುಕ್ಕುಬೀಳುತ್ತದೆ. ನೈಲಾನ್, ಪಾಲಿಯೆಸ್ಟರ್ ಸೀರೆಗಳು ಬೇಗ ಒಣಗಿದರೂ ಬೆವರನ್ನು ಹೀರುವುದಿಲ್ಲವಾದ್ದರಿಂದ ಕೂಸಿನ ಮೈಗೆ ತಾಗುವ ಪದರವಾದರೂ ನೂಲಿನದೇ ಆಗಿರಬೇಕು.

ಈ ಕಲೆ ತನ್ನದೇ ಚೆಲುವನ್ನು ಪಡೆದದ್ದು ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿಯರಲ್ಲಿ. ಆಫ್ರಿಕಾ ಮೂಲದ ಈ ಸಮುದಾಯದ ಹೆಂಗಸರು ತಮ್ಮ ‘ಕವಂದಿ’ಯನ್ನು ಒಂದು ಮೂಲೆಯಿಂದ ತೊಡಗಿ ಅಂಚಿನುದ್ದಕ್ಕೂ ಸುತ್ತುತ್ತ ನಡುವಿನತ್ತ ಹೊಲಿಯುತ್ತ ಬರುತ್ತಾರೆ, ಕೊನೆಗೆ ಮೂಲೆಗಳಿಗೆ ‘ಫುಲ’ ಎಂಬ ಮಡಿಸಿದ ಮುಮ್ಮೂಲೆ ತುಂಡುಗಳನ್ನು ಕೂಡಿಸುತ್ತಾರೆ, ಅವಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ತೊಟ್ಟಿಲ ಕೂಸಿಗೆಂದೇ ಹೊಲಿಯುವ ಚಿಕ್ಕ ಕವಂದಿಗಳೂ ಇವೆ.

ಇಂದು ಪದರಗಳನ್ನು ಲೆಕ್ಕಹಾಕುವವರು ಇನ್ನೊಂದನ್ನೂ ಗಮನಿಸಬೇಕು. ಒಂದು ವರ್ಷ ತುಂಬದ ಕೂಸು ಮಲಗಿ ನಿದ್ರಿಸುವಾಗ ಸಡಿಲ ಹೊದಿಕೆಯಾಗಲಿ ಮೆತ್ತನೆಯ ಹಾಸಾಗಲಿ ಜೊತೆಗಿರಬಾರದೆಂದು, ಉಸಿರುಗಟ್ಟುವ ಮತ್ತು ಮೈ ಅತಿಯಾಗಿ ಬಿಸಿಯಾಗುವ ಅಪಾಯವನ್ನು ಕಂಡ ಮಕ್ಕಳ ವೈದ್ಯರು ಹೇಳುತ್ತಾರೆ. ಆದ್ದರಿಂದ ಆ ವಯಸ್ಸಿನ ಕೂಸಿಗೆ ಹೊಲಿಯುವ ಕೌದಿ, ಎಚ್ಚರವಿದ್ದಾಗ ನೆಲದ ಮೇಲೆ ಹಾಸಿ ಆಡಿಸಲು ಬರುವಂತೆ, ಎರಡು ಮೂರು ಪದರಗಳ ತೆಳುವಾದ ಕೌದಿಯಾದರೆ ಸಾಕು.